ಹಿಂದೂ ಧರ್ಮದಲ್ಲಿ ಕರ್ತವ್ಯ ಮತ್ತು ಬದುಕಿನ ಗುರಿ ಎಂದರೇನು?

ಇಲ್ಲಿ ಧರ್ಮ ಎಂದರೆ ಬರೀ ಮತವಲ್ಲ. ಅದು ‘ಧೃ’ ಧಾತುವಿನಿಂದ ಬಂದ ಪದ. ಹಿಡಿದು ನಿಲ್ಲಿಸುವುದು ಎಂದರ್ಥ. ಬದುಕಿನ ಗುರಿಗಳು ನಾಲ್ಕು: ಧರ್ಮ, ಅರ್ಥ, ಕಾಮ, ಮೋಕ್ಷ. ಹಣವೂ ಸುಖವೂ ಇದರಲ್ಲಿ ಸೇರಿವೆ (ಹಲವರು ಇದನ್ನು ಮರೆಯುತ್ತಾರೆ), ಆದರೆ ಧರ್ಮದ ಅಂಕೆಯಲ್ಲಿರಬೇಕು. ಮೋಕ್ಷವೆಂದರೆ ಹುಟ್ಟುಸಾವಿನ ಚಕ್ರದಿಂದ ಬಿಡುಗಡೆ.

ಕರ್ತವ್ಯದ ಬಗ್ಗೆ ನನ್ನ ಮನಸ್ಸಿಗೆ ತುಂಬ ನಾಟಿದ್ದು ಭಗವದ್ಗೀತೆಯ 2ನೇ ಅಧ್ಯಾಯದ 47ನೇ ಶ್ಲೋಕ: ನಿನಗೆ ಅಧಿಕಾರವಿರುವುದು ಕೆಲಸದ ಮೇಲೆ, ಫಲದ ಮೇಲಲ್ಲ. ಹಾಗೆಂದು ಕೈಕಟ್ಟಿ ಕೂರಬೇಡ ಎಂದೂ ಅದೇ ಶ್ಲೋಕ ಎಚ್ಚರಿಸುತ್ತದೆ. ಹಾಸಿಗೆ ಹಿಡಿದ ತಾಯಿಗೆ ನಡುರಾತ್ರಿ ಎದ್ದು ಚಮಚದಲ್ಲಿ ನೀರು ಕುಡಿಸುವ ಮಗನನ್ನು ನೆನೆಯಿರಿ. ಆಕೆ ಉಳಿಯುತ್ತಾಳೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಆದರೂ ಚಮಚ ಹಿಡಿದ ಕೈ ತಡೆಯುವುದಿಲ್ಲ. ನಿಷ್ಕಾಮ ಕರ್ಮ ಎನ್ನುವುದು ಇದನ್ನೇ.