ಓದುಗರ ಪ್ರಶ್ನೆ: ಜರ್ನಲ್ಲಿನ ಅಂಕಿಯೂ ತಾಲ್ಲೂಕಿನ ಪ್ರಬಂಧವೂ

ಪ್ರಶ್ನೆ: ಮಾನ್ಯರೇ, ಡಾ. ನಂಜುಂಡಪ್ಪ ಸಮಿತಿಯ ವರದಿಯಲ್ಲಿ ಹಿಂದುಳಿದವೆಂದು ಗುರುತಿಸಲಾದ ಕಲಬುರಗಿ ವಿಭಾಗದ ತಾಲ್ಲೂಕುಗಳು ಇಂದು ಎಲ್ಲಿವೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಒಂದು ಅಧ್ಯಾಯವನ್ನು ಪ್ರಬಂಧವಾಗಿಸಿ ‘ರೀಜನಲ್ ಸ್ಟಡೀಸ್’ ಜರ್ನಲ್‌ಗೆ ಕಳಿಸು ಎಂದು ನನ್ನ ಗೈಡ್ ಹೇಳುತ್ತಾರೆ. ‘ಅದರ ಇಂಪ್ಯಾಕ್ಟ್ ಫ್ಯಾಕ್ಟರ್ ನಾಲ್ಕರ ಮೇಲಿದೆ, ನಮ್ಮಂಥವರಿಗಲ್ಲ’ ಎಂದು ಗೆಳತಿಯರು ಹೆದರಿಸುತ್ತಾರೆ. ಆ ಜರ್ನಲ್ಲಿನ ಪುಟ ತೆರೆದರೆ ಒಂದಲ್ಲ, ನಾಲ್ಕೈದು ಬಗೆಯ ಅಂಕಿಗಳಿವೆ. ಯಾವುದನ್ನು ನಂಬಬೇಕು? ಕಳಿಸಲೇ, ಬೇಡವೇ?
— ಸಂಶೋಧನಾ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಅಂಕಿಯ ಮಾತಿಗೆ ಮುಂಚೆ ಜರ್ನಲ್ಲಿನ ಮಾತು. ‘ರೀಜನಲ್ ಸ್ಟಡೀಸ್’ ಬ್ರಿಟನ್ನಿನ ರೀಜನಲ್ ಸ್ಟಡೀಸ್ ಅಸೋಸಿಯೇಷನ್ನಿನ ಪತ್ರಿಕೆ. ಸಂಘ ಹುಟ್ಟಿದ್ದು 1965ರಲ್ಲಿ, ಪತ್ರಿಕೆ 1967ರಲ್ಲಿ; ಮೊದಲ ಸಂಪಾದಕರು ನಗರ ಯೋಜನಾ ವಿದ್ವಾಂಸ ಪೀಟರ್ ಹಾಲ್. ಲಂಡನ್ ಸುತ್ತಮುತ್ತ ಬೆಳೆಯುತ್ತಿದ್ದಾಗ ಉತ್ತರದ ಹಳೆಯ ಗಣಿ ಮತ್ತು ಕಾರ್ಖಾನೆ ಊರುಗಳು ಸೊರಗುತ್ತಿದ್ದ ಕಾಲವದು. ಒಂದೇ ದೇಶದೊಳಗೆ ಒಂದು ಸೀಮೆ ಏಳುವುದೇಕೆ, ಇನ್ನೊಂದು ಬೀಳುವುದೇಕೆ, ಸರಕಾರ ಮಾಡಬಹುದಾದದ್ದೇನು ಎಂಬುದು ಆ ಪತ್ರಿಕೆಯ ಮೂಲ ಪ್ರಶ್ನೆ. ಇದನ್ನು ಒತ್ತಿ ಹೇಳಲು ಕಾರಣವಿದೆ: ‘ಪ್ರಾದೇಶಿಕ ಅಧ್ಯಯನ’ ಎಂದೊಡನೆ ನಮ್ಮಲ್ಲಿ ಅನೇಕರು ಸ್ಥಳೀಯ ಇತಿಹಾಸ, ಶಾಸನ, ಜಾನಪದ ಎಂದುಕೊಳ್ಳುತ್ತಾರೆ, ಅಂಥ ಬರಹವನ್ನೇ ಅಲ್ಲಿಗೆ ಕಳಿಸುತ್ತಾರೆ, ಬರಹ ಎಷ್ಟೇ ಚೆನ್ನಾಗಿದ್ದರೂ ಪರಿಶೀಲಕರ ಕೈಗೆ ಹೋಗುವ ಮೊದಲೇ ಅದು ಹಿಂದಿರುಗುತ್ತದೆ. ನಿಮ್ಮ ವಿಷಯಕ್ಕೆ ಆ ತೊಂದರೆಯಿಲ್ಲ. 2002ರ ನಂಜುಂಡಪ್ಪ ವರದಿ ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಹಾಕಿತು. ಆ 39ರಲ್ಲಿ 21 ನಿಮ್ಮ ವಿಭಾಗದವೇ. ಆ ಪತ್ರಿಕೆ ಅರವತ್ತು ವರ್ಷಗಳಿಂದ ಕೇಳುತ್ತಿರುವ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ವಿಷಯ ಸಿಗುವುದು ಕಷ್ಟ.

ಈಗ ಅಂಕಿ. ಇಂಪ್ಯಾಕ್ಟ್ ಫ್ಯಾಕ್ಟರ್ ಅಮೆರಿಕದ ಯೂಜಿನ್ ಗಾರ್ಫೀಲ್ಡ್ ಅವರ ಕೂಸು. ಅದರ ವಾರ್ಷಿಕ ಪಟ್ಟಿ 1975ರಿಂದ ಹೊರಬರುತ್ತಿದೆ, ಈಗ ಅದನ್ನು ಪ್ರಕಟಿಸುವುದು ಕ್ಲಾರಿವೇಟ್ ಕಂಪನಿ. ಲೆಕ್ಕ ನಮ್ಮ ಏಳನೇ ತರಗತಿಯ ಸರಾಸರಿಯಷ್ಟೇ. ತಿಳಿಯಲೆಂದು ಒಂದು ಕಲ್ಪಿತ ಪತ್ರಿಕೆಯನ್ನು ಹಿಡಿಯೋಣ. ಅದು 2022ರಲ್ಲಿ 60, 2023ರಲ್ಲಿ 65, ಒಟ್ಟು 125 ಪ್ರಬಂಧಗಳನ್ನು ಪ್ರಕಟಿಸಿತು. ಆ 125 ಪ್ರಬಂಧಗಳನ್ನು 2024ರಲ್ಲಿ ಬೇರೆ ಬೇರೆ ಲೇಖಕರು ಒಟ್ಟು 500 ಬಾರಿ ಉಲ್ಲೇಖಿಸಿದರು. 500ನ್ನು 125ರಿಂದ ಭಾಗಿಸಿದರೆ 4. ಅದೇ ಆ ಪತ್ರಿಕೆಯ 2024ರ ಇಂಪ್ಯಾಕ್ಟ್ ಫ್ಯಾಕ್ಟರ್. ಆದರೆ ಆ 500ರಲ್ಲಿ 150 ಉಲ್ಲೇಖ ಒಂದೇ ಪ್ರಬಂಧಕ್ಕೆ ಬಂದಿರಬಹುದು, ಮೂವತ್ತು ಪ್ರಬಂಧಗಳಿಗೆ ಒಂದೂ ಬಾರದೆ ಇರಬಹುದು. ಉಲ್ಲೇಖಗಳು ಬೀಳುವುದೇ ಹೀಗೆ, ಕೆಲವರ ತಟ್ಟೆಗೆ ಎಲ್ಲ, ಹಲವರ ತಟ್ಟೆಗೆ ಏನೂ ಇಲ್ಲ. ಆದ್ದರಿಂದ 4 ಎಂಬುದು ಪತ್ರಿಕೆಯ ಸರಾಸರಿ. ಅದರಲ್ಲಿ ಅಚ್ಚಾದ ಯಾವುದೇ ಒಂದು ಪ್ರಬಂಧದ ಯೋಗ್ಯತೆಯನ್ನು ಅದರಿಂದ ಹೇಳಲಾಗದು. ‘ರೀಜನಲ್ ಸ್ಟಡೀಸ್’ನ ಈ ಅಂಕಿ 2020ರ ನಂತರದ ಕೆಲವು ವರ್ಷಗಳಲ್ಲಿ ನಾಲ್ಕಕ್ಕೂ ಐದಕ್ಕೂ ನಡುವೆ ಇದ್ದದ್ದು ನಿಜ. ಆದರೆ ಹೆಚ್ಚು ಉಲ್ಲೇಖ ಪಡೆಯುವ ಪತ್ರಿಕೆ ಎಂದರೆ ಹೊಸಬರನ್ನು ಒಳಗೆ ಬಿಡದ ಪತ್ರಿಕೆ ಎಂದರ್ಥವಲ್ಲ. ಗೆಳತಿಯರ ಹೆದರಿಕೆಗೆ ಆ ಅಂಕಿಯಲ್ಲಿ ಆಧಾರವಿಲ್ಲ.

ಉಳಿದ ಅಂಕಿಗಳೂ ಇದರ ದಾಯಾದಿಗಳೇ. ಸೈಟ್‌ಸ್ಕೋರ್ ಎಂಬುದು ಎಲ್ಸೆವಿಯರ್ ಕಂಪನಿ 2016ರಲ್ಲಿ ತಂದದ್ದು. ಅದು ಸ್ಕೋಪಸ್ ಎಂಬ ಉಲ್ಲೇಖ ಭಂಡಾರದ ದತ್ತಾಂಶದಿಂದ ನಾಲ್ಕು ವರ್ಷಗಳ ಲೆಕ್ಕ ಹಿಡಿಯುತ್ತದೆ. ಅದು ಇಂಪ್ಯಾಕ್ಟ್ ಫ್ಯಾಕ್ಟರ್‌ಗಿಂತ ಸಾಮಾನ್ಯವಾಗಿ ದೊಡ್ಡದಾಗಿ ಕಾಣುವುದಕ್ಕೆ ಕಾರಣ ಈ ಉದ್ದನೆಯ ಅವಧಿಯೇ. ಪತ್ರಿಕೆಯೇನೂ ಆ ಪುಟದಲ್ಲಿ ಒಮ್ಮೆಗೇ ಉತ್ತಮಗೊಂಡಿರುವುದಿಲ್ಲ. ಎಸ್‌ಜೆಆರ್ ಉಲ್ಲೇಖಿಸಿದ ಪತ್ರಿಕೆಯ ತೂಕವನ್ನೂ ನೋಡುತ್ತದೆ, ದೊಡ್ಡವರು ಹೆಸರು ಹೇಳಿದರೆ ಹೆಚ್ಚು ಅಂಕ. ಸ್ನಿಪ್ ಎಂಬುದು ಆಯಾ ಶಾಸ್ತ್ರದಲ್ಲಿ ಉಲ್ಲೇಖಿಸುವ ರೂಢಿ ಎಷ್ಟಿದೆ ಎಂಬುದನ್ನು ಗಣಿಸಿ ಸರಿದೂಗಿಸುತ್ತದೆ. ಭೂಗೋಳ ಮತ್ತು ವೈದ್ಯಕೀಯದ ಪತ್ರಿಕೆಗಳನ್ನು ಒಂದೇ ತಕ್ಕಡಿಯಲ್ಲಿ ಇಡಲೇಬೇಕಾದವರಿಗೆ ಅದು ವಾಸಿ. ಕ್ಯೂ1, ಕ್ಯೂ2 ಎಂಬವು ಆಯಾ ವಿಷಯದ ಪತ್ರಿಕೆಗಳನ್ನು ಸಾಲಾಗಿ ನಿಲ್ಲಿಸಿ ನಾಲ್ಕು ಪಾಲು ಮಾಡಿದ ಗುರುತು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮುಖ್ಯವಾದ ತಕರಾರು ಎರಡು ವರ್ಷದ ಕಿಟಕಿಯದು, ಅಂದರೆ ಇಂಪ್ಯಾಕ್ಟ್ ಫ್ಯಾಕ್ಟರ್ ಹಿಂದಿನ ಎರಡು ವರ್ಷಗಳ ಪ್ರಬಂಧಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು. ಜೀವಕೋಶದ ಮೇಲಿನ ಪ್ರಬಂಧ ಆರು ತಿಂಗಳಲ್ಲಿ ನೂರು ಕಡೆ ಉಲ್ಲೇಖವಾಗಬಹುದು. ತಾಲ್ಲೂಕಿನ ಅಧ್ಯಯನದ ದಾರಿ ಬೇರೆ: ಜನಗಣತಿಯ ಅಂಕಿ ಬರಬೇಕು, ಸರಕಾರ ಯೋಜನೆ ಮಾಡಬೇಕು, ಹಣ ಖರ್ಚಾಗಬೇಕು, ಅದರ ಫಲವನ್ನು ಇನ್ನೊಬ್ಬರು ಅಳೆಯಬೇಕು. 2002ರ ವರದಿಯ ಸೂಚ್ಯಂಕದ ಮೇಲೆ ನೀವೇ ಇಷ್ಟು ವರ್ಷಗಳ ನಂತರ ಬರೆಯುತ್ತಿದ್ದೀರಿ ಎಂಬುದೇ ಸಾಕ್ಷಿ. ಆ ವರದಿ ಒಂದು ಜರ್ನಲ್ ಪ್ರಬಂಧವಾಗಿದ್ದಿದ್ದರೆ ನಿಮ್ಮ ಉಲ್ಲೇಖ ಯಾವ ಇಂಪ್ಯಾಕ್ಟ್ ಫ್ಯಾಕ್ಟರ್‌ಗೂ ಸೇರುತ್ತಿರಲಿಲ್ಲ. ಐದು ವರ್ಷಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದೊಂದಿದೆ. ನಿಮ್ಮ ಕ್ಷೇತ್ರದವರು ನೋಡುವುದಾದರೆ ಅದನ್ನು ನೋಡಲಿ.

ಕಳಿಸಿ. ಆದರೆ ಯಾದಗಿರಿ ಎಲ್ಲಿದೆ ಎಂದು ತಿಳಿಯದ ಓದುಗರಿಗೆ ಬರೆಯುತ್ತಿದ್ದೀರಿ ಎಂಬುದನ್ನು ಮರೆಯಬೇಡಿ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ಏನು, ವಿಶೇಷ ಸ್ಥಾನಮಾನ ಸಿಕ್ಕ ಮೇಲೂ ಅಂತರ ಉಳಿದಿದ್ದರೆ ಅದು ಇಟಲಿಯ ದಕ್ಷಿಣ ಭಾಗದಂಥ ಹಿಂದುಳಿದ ಸೀಮೆಗಳ ಬಗ್ಗೆ ನಡೆದಿರುವ ಚರ್ಚೆಗೆ ಹೊಸದಾಗಿ ಏನನ್ನು ಸೇರಿಸುತ್ತದೆ ಎಂಬುದು ಮೊದಲ ಎರಡು ಪುಟಗಳಲ್ಲಿ ಬರಬೇಕು. ಬರೀ ತಾಲ್ಲೂಕುವಾರು ಕೋಷ್ಟಕಗಳನ್ನು ಕಳಿಸಿದರೆ ನಿರಾಸೆ ಖಂಡಿತ.

ಪ್ರಶ್ನೆ: ನಮ್ಮ ಕಾಲೇಜಿನಿಂದ ಹೊರಡುವ ಸಂಶೋಧನಾ ಪತ್ರಿಕೆಗೆ ಐಎಸ್‌ಎಸ್‌ಎನ್ ಸಂಖ್ಯೆ ಸಿಕ್ಕಿದೆ. ಇನ್ನು ಮೇಲೆ ಅದು ಮಾನ್ಯತೆ ಪಡೆದ ಜರ್ನಲ್ ಎಂದು ಮುಖಪುಟದಲ್ಲಿ ಹಾಕಬಹುದೇ?
— ಸಹಾಯಕ ಪ್ರಾಧ್ಯಾಪಕರು, ಹಾಸನ

ಉತ್ತರ: ಹಾಕಬಾರದು. ಐಎಸ್‌ಎಸ್‌ಎನ್ ವಾಹನದ ನಂಬರ್ ಪ್ಲೇಟಿನಂತೆ. ಗಾಡಿ ಯಾವುದು ಎಂದು ಹೇಳುತ್ತದೆ, ಅದರ ಎಂಜಿನ್ ಹೇಗಿದೆ ಎಂದು ಹೇಳುವುದಿಲ್ಲ. ವಾರಪತ್ರಿಕೆಗೂ ಸಿಗುತ್ತದೆ, ಸಂಘದ ವಾರ್ತಾಪತ್ರಕ್ಕೂ ಸಿಗುತ್ತದೆ. ಆದರೆ ಅದರಿಂದ ಒಂದು ಉಪಯೋಗವಿದೆ: ಸಂಖ್ಯೆ ಸುಳ್ಳೇ ಎಂದು ಮನೆಯಲ್ಲೇ ಕೂತು ಪರೀಕ್ಷಿಸಬಹುದು. ಮೇಲೆ ಹೇಳಿದ ‘ರೀಜನಲ್ ಸ್ಟಡೀಸ್’ನ ಮುದ್ರಿತ ಆವೃತ್ತಿಯ ಸಂಖ್ಯೆ 0034-3404. ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ: 0, 0, 18, 20, 12, 12, 0. ಮೊತ್ತ 62. ಅದನ್ನು 11ರಿಂದ ಭಾಗಿಸಿದರೆ ಶೇಷ 7. ಹನ್ನೊಂದರಲ್ಲಿ ಏಳು ಕಳೆದರೆ 4. ಕೊನೆಯ ಅಂಕಿಯೂ 4. ಮನಸ್ಸಿಗೆ ಬಂದ ಎಂಟು ಅಂಕಿಗಳನ್ನು ಬರೆದುಕೊಂಡ ಪತ್ರಿಕೆಗಳು ಬಹುಮಟ್ಟಿಗೆ ಇಲ್ಲೇ ಸಿಕ್ಕಿಬೀಳುತ್ತವೆ. ಬೇರೊಂದು ಪತ್ರಿಕೆಯ ನಿಜ ಸಂಖ್ಯೆಯನ್ನು ಕದ್ದವರನ್ನು ಹಿಡಿಯಲು ಮಾತ್ರ ಐಎಸ್‌ಎಸ್‌ಎನ್‌ನ ಜಾಲತಾಣದಲ್ಲಿ ಹುಡುಕಬೇಕು.

ಪ್ರಶ್ನೆ: ‘ನಿಮ್ಮ ಪ್ರಬಂಧವನ್ನು ಐದು ದಿನಗಳಲ್ಲಿ ಪ್ರಕಟಿಸುತ್ತೇವೆ, ನಮ್ಮ ಇಂಪ್ಯಾಕ್ಟ್ ಫ್ಯಾಕ್ಟರ್ ಏಳಕ್ಕೂ ಹೆಚ್ಚು, ಶುಲ್ಕ ಎರಡು ಸಾವಿರ ರೂಪಾಯಿ’ ಎಂಬ ಇಮೇಲ್ ಬಂತು. ಬಡ್ತಿಯ ಅರ್ಜಿಗೆ ಎರಡು ಪ್ರಬಂಧ ಬೇಕಿತ್ತು, ಹಣ ಕಟ್ಟಿದೆ. ಅಚ್ಚಾಯಿತು. ಈಗ ಸಮಿತಿಯವರು ಒಪ್ಪುತ್ತಿಲ್ಲ. ಯುಜಿಸಿ ಒಪ್ಪಿದ ಪತ್ರಿಕೆಗಳ ಕೇರ್ ಪಟ್ಟಿಯೇ ಹೋಯಿತಲ್ಲ, ಇವರು ಯಾವ ಆಧಾರದ ಮೇಲೆ ನಿರಾಕರಿಸುತ್ತಾರೆ?
— ಹೆಸರು ಬೇಡ, ತುಮಕೂರು

ಉತ್ತರ: ಹಣ ಹೋದದ್ದಕ್ಕೆ ವಿಷಾದವಿದೆ, ಆದರೆ ಈ ವಿಷಯದಲ್ಲಿ ಸಮಿತಿಯ ಪಕ್ಷದಲ್ಲೇ ನಿಲ್ಲಬೇಕಾಗಿದೆ. ಪ್ರಬಂಧವನ್ನು ಆ ವಿಷಯ ಬಲ್ಲ ಇಬ್ಬರು ಓದಿ, ತಿದ್ದುಪಡಿ ಸೂಚಿಸಿ, ನೀವು ತಿದ್ದಿ, ಅವರು ಮತ್ತೆ ನೋಡುವುದು ಐದು ದಿನಗಳಲ್ಲಿ ಆಗುವ ಕೆಲಸವಲ್ಲ. ಅವರು ಹೇಳಿದ ಅಂಕಿಯೂ ಗಾರ್ಫೀಲ್ಡ್ ಲೆಕ್ಕದ್ದಾಗಿರಲಾರದು; ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಹೆಸರನ್ನೇ ಹಿಂದೆಮುಂದೆ ಒಂದು ಪದ ಸೇರಿಸಿ ಮಾರುವವರಿದ್ದಾರೆ. ಒಂದು ಸಣ್ಣ ಸುಳಿವು ಕೊಡುತ್ತೇನೆ. ಕ್ಲಾರಿವೇಟ್ 2023ರಿಂದ ತನ್ನ ಅಂಕಿಯನ್ನು ದಶಮಾಂಶದ ಒಂದೇ ಸ್ಥಾನಕ್ಕೆ ಕೊಡುತ್ತಿದೆ. ಈಚಿನ ವರ್ಷದ್ದೆಂದು ಹೇಳಿಕೊಳ್ಳುವ ಅಂಕಿ ದಶಮಾಂಶದ ಮೂರು ಸ್ಥಾನಗಳವರೆಗೆ ಹೊಳೆಯುತ್ತಿದ್ದರೆ ಅದು ಎಲ್ಲಿಂದ ಬಂತು ಎಂದು ಕೇಳಿ.

ಕೇರ್ ಪಟ್ಟಿಯ ಕಥೆಯೂ ಇಷ್ಟೇ ತಿರುವುಗಳದ್ದು. 2010ರ ನಿಯಮಾವಳಿಯಿಂದ ಯುಜಿಸಿ ಅಧ್ಯಾಪಕರ ಬಡ್ತಿಗೆ ಪ್ರಕಟಣೆಯ ಅಂಕ ಜೋಡಿಸಿತು, ಅಂಕಕ್ಕಾಗಿಯೇ ಪತ್ರಿಕೆಗಳು ಹುಟ್ಟಿದವು. ಅನುಮೋದಿತ ಪಟ್ಟಿ ಬಂತು, 2018ರ ಮೇ ತಿಂಗಳಲ್ಲಿ ಅದರಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು. ಆಮೇಲೆ ಕೇರ್ ಪಟ್ಟಿ ಬಂತು, 2025ರ ಫೆಬ್ರುವರಿಯಲ್ಲಿ ಅದನ್ನೂ ನಿಲ್ಲಿಸಿ, ಪತ್ರಿಕೆಯ ಗುಣವನ್ನು ಸಂಸ್ಥೆಗಳೇ ತೀರ್ಮಾನಿಸಲಿ ಎಂದು ಮಾನದಂಡಗಳನ್ನಷ್ಟೇ ಸೂಚಿಸಲಾಯಿತು. ಪಟ್ಟಿ ಹೋಯಿತೆಂದರೆ ಪರೀಕ್ಷೆ ಹೋಯಿತೆಂದಲ್ಲ. ಪರೀಕ್ಷಕರು ನಿಮ್ಮ ಸಂಸ್ಥೆಯವರೇ ಆದರು ಎಂದಷ್ಟೇ. ಅದೇ ಪ್ರಬಂಧವನ್ನು ಇನ್ನೊಂದು ಕಡೆ ಕಳಿಸುವ ಯೋಚನೆಯಿದ್ದರೆ, ಮೊದಲ ಪ್ರಕಟಣೆಯನ್ನು ಸಂಪಾದಕರಿಗೆ ತಿಳಿಸಿಯೇ ಕಳಿಸಿ. ಮುಚ್ಚಿಟ್ಟರೆ ಎರಡನೆಯ ತೊಂದರೆ ಮೊದಲನೆಯದಕ್ಕಿಂತ ದೊಡ್ಡದು.

ಪ್ರಶ್ನೆ: ಇಂಥ ಜರ್ನಲ್‌ಗಳನ್ನು ಹಣ ಕೊಡದೆ ಓದುವುದು ಹೇಗೆ?
— ವಿದ್ಯಾರ್ಥಿ, ರಾಯಚೂರು

ಉತ್ತರ: ನಿಮ್ಮದು ಸರಕಾರಿ ಕಾಲೇಜು ಅಥವಾ ವಿಶ್ವವಿದ್ಯಾಲಯವಾದರೆ ಗ್ರಂಥಪಾಲಕರಲ್ಲಿ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಬಗ್ಗೆ ಕೇಳಿ. 2025ರ ಜನವರಿಯಿಂದ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಇದರಡಿ ದೊರೆಯುತ್ತವೆ. ‘ರೀಜನಲ್ ಸ್ಟಡೀಸ್’ ಪ್ರಕಟಿಸುವ ಟೇಲರ್ ಅಂಡ್ ಫ್ರಾನ್ಸಿಸ್ ಕೂಡ ಅವರಲ್ಲಿ ಒಬ್ಬರು.

ಪ್ರಶ್ನೆ: ಮೂವತ್ತು ವರ್ಷಗಳಿಂದ ‘ಪ್ರಬುದ್ಧ ಕರ್ಣಾಟಕ’ದಂಥ ಪತ್ರಿಕೆಗಳಲ್ಲಿ ಬರೆದಿದ್ದೇನೆ. ಮೊಮ್ಮಗ ಕಂಪ್ಯೂಟರಿನಲ್ಲಿ ನೋಡಿ, ‘ತಾತಾ, ನಿಮ್ಮ ಎಚ್-ಇಂಡೆಕ್ಸ್ ಸೊನ್ನೆ’ ಎಂದ. ಏನಿದು?
— ನಿವೃತ್ತ ಪ್ರಾಧ್ಯಾಪಕರು, ಧಾರವಾಡ

ಉತ್ತರ: ಭೌತವಿಜ್ಞಾನಿ ಜಾರ್ಜ್ ಹಿರ್ಶ್ 2005ರಲ್ಲಿ ಸೂಚಿಸಿದ ಅಳತೆ ಅದು. ಒಬ್ಬರ ಐದು ಪ್ರಬಂಧಗಳಿಗೆ 40, 9, 4, 3, 1 ಉಲ್ಲೇಖಗಳು ಬಂದಿವೆ ಎನ್ನಿ. ಕನಿಷ್ಠ ಮೂರು ಉಲ್ಲೇಖ ಪಡೆದ ಪ್ರಬಂಧಗಳು ಮೂರಾದರೂ ಇವೆ, ಆದರೆ ಕನಿಷ್ಠ ನಾಲ್ಕು ಪಡೆದವು ನಾಲ್ಕಿಲ್ಲ, ಆದ್ದರಿಂದ ಅವರ ಎಚ್-ಇಂಡೆಕ್ಸ್ 3. ತಮ್ಮದು ಸೊನ್ನೆ ಎಂದರೆ ತಮ್ಮನ್ನು ಯಾರೂ ಉಲ್ಲೇಖಿಸಿಲ್ಲ ಎಂದಲ್ಲ. ಉಲ್ಲೇಖಿಸಿದ ಬರಹಗಳು ಎಣಿಸುವವರ ಬುಟ್ಟಿಯಲ್ಲಿ ಇಲ್ಲ ಎಂದು. ‘ಪ್ರಬುದ್ಧ ಕರ್ಣಾಟಕ’ ಹುಟ್ಟಿದ್ದು 1919ರಲ್ಲಿ, ಸ್ಕೋಪಸ್ ಬಂದದ್ದು 2004ರಲ್ಲಿ. ಕನ್ನಡದ ವಿದ್ವತ್ ಉಲ್ಲೇಖಗಳು ಬಹುಪಾಲು ಪುಸ್ತಕದ ಅಡಿಟಿಪ್ಪಣಿಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ, ಸಂಭಾವನ ಗ್ರಂಥಗಳಲ್ಲಿ ಇರುತ್ತವೆ. ಅವುಗಳ ಹತ್ತಿರ ಯಾವ ಯಂತ್ರವೂ ಸುಳಿದಿಲ್ಲ. 2015ರಲ್ಲಿ ವಿದ್ವಾಂಸರು ಹೊರಡಿಸಿದ ಲೈಡನ್ ಪ್ರಣಾಳಿಕೆಯ ಹತ್ತು ಸೂತ್ರಗಳಲ್ಲಿ ಮೂರನೆಯದು ಇದೇ ಮಾತು: ಸ್ಥಳೀಯ ಮಹತ್ವದ ಸಂಶೋಧನೆಯನ್ನು ಇಂಗ್ಲಿಷ್ ಪತ್ರಿಕೆಗಳ ಅಳತೆಗೋಲಿಗೆ ಬಲಿಕೊಡಬಾರದು ಎಂಬುದು.

ಇದರಲ್ಲಿ ನಮ್ಮ ತಪ್ಪೂ ಒಂದಿದೆ, ಅದನ್ನು ಮೊಮ್ಮಗನಿಗೆ ತೋರಿಸಿ. ತಮ್ಮ ಯಾವುದಾದರೂ ಲೇಖನದ ಪಿಡಿಎಫ್ ತೆರೆದು ಒಂದು ಸಾಲನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಲು ಹೇಳಿ. ಹಳೆಯ ನುಡಿ ಅಥವಾ ಶ್ರೀಲಿಪಿ ಅಕ್ಷರದಲ್ಲಿ ಪುಟ ಕಟ್ಟಿದ್ದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಗೋಜಲು ಬೀಳುತ್ತದೆ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಕಸ. ಗೂಗಲ್ ಸ್ಕಾಲರ್ ಆಗಲಿ ಇನ್ನೊಂದಾಗಲಿ ಅದರಲ್ಲಿ ತಮ್ಮ ಹೆಸರನ್ನು ಹುಡುಕುವುದು ಹೇಗೆ? ಪೂರ್ತಿ ಲೇಖನವನ್ನು ಮತ್ತೆ ಟೈಪ್ ಮಾಡಿಸಬೇಕಾಗಿಲ್ಲ, ಪರಿವರ್ತಿಸುವ ತಂತ್ರಾಂಶಗಳಿವೆ. ಮೊದಲು ಶೀರ್ಷಿಕೆ, ಲೇಖಕರ ಹೆಸರು, ಸಾರಾಂಶ ಮತ್ತು ಗ್ರಂಥಋಣವನ್ನಾದರೂ ಯಂತ್ರವೂ ಕನ್ನಡವೆಂದೇ ಓದಬಲ್ಲ ಯೂನಿಕೋಡಿಗೆ ತಂದು, ಹೆಸರನ್ನು ಎಲ್ಲ ಲೇಖನಗಳಲ್ಲೂ ಒಂದೇ ರೀತಿ ಬರೆಸಿ, ತಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದವರಿಗೆ ಕೊಡಿ. ಮೊಮ್ಮಗನಿಗೆ ಒಂದು ಬೇಸಿಗೆ ರಜೆಯ ಕೆಲಸ.