ಡ್ರೈ ಅಂದ್ರೆ ಏನು ಸಾರ್?

ಪ್ರಶ್ನೆ: ಫ್ರಾನ್ಸಲ್ಲಿರೋ ಮಗಳ ಮನೇಲಿ ಕುಲೇ ದ ಸೆರಾಂ ಅನ್ನೋ ಬಿಳಿ ವೈನ್ ಕುಡಿದೆ. ಡ್ರೈ ಅಂದ್ರು, ಬಯೋಡೈನಾಮಿಕ್ ಅಂದ್ರು, ಎರಡೂ ಅರ್ಥ ಆಗ್ಲಿಲ್ಲ.

ಉತ್ತರ: ಡ್ರೈ ಅಂದ್ರೆ ದ್ರಾಕ್ಷಿ ಸಕ್ಕರೆನ ಹೆಚ್ಚುಕಮ್ಮಿ ಪೂರ್ತಿ ಯೀಸ್ಟ್ ತಿಂದಿರುತ್ತೆ, ಸಿಹಿ ಉಳಿಯಲ್ಲ, ಅಷ್ಟೇ. ವಿಶೇಷ ಇರೋದು ತೋಟದಲ್ಲಿ. ಲುವಾರ್ ನದಿ ದಡದಲ್ಲಿ ಜೋಲಿ ಕುಟುಂಬದ್ದು ಅದು, ಬರೀ 7 ಹೆಕ್ಟೇರ್, ಶೆನಿನ್ ಬ್ಲಾಂಕ್ ಒಂದೇ ತಳಿ. 1980ರ ದಶಕದಲ್ಲಿ ನಿಕೊಲಾ ಜೋಲಿ ಕೆಮಿಕಲ್ ಬಿಟ್ಟು, ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ 1924ರಲ್ಲಿ ಹೇಳಿದ ದಾರಿ ಹಿಡಿದ್ರು. ಅದೇ ಬಯೋಡೈನಾಮಿಕ್, ಅಂದ್ರೆ ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲ ಪೂರ್ತಿ ಮಣ್ಣಲ್ಲಿ ಹೂತಿಟ್ಟು, ಆಮೇಲೆ ತೆಗೆದು ನೀರಲ್ಲಿ ಒಂದು ಗಂಟೆ ಕಲಕಿ ತೋಟಕ್ಕೆ ಚಿಮುಕಿಸೋದು. ಜೀವಾಮೃತ ಮಾಡೋ ನಮ್ಮ ರೈತರಿಗೆ ಇದೇನು ವಿಚಿತ್ರ ಅನ್ಸಲ್ಲ! ಕೊಂಬಿನ ಶಕ್ತಿನ ವಿಜ್ಞಾನ ಒಪ್ಪಿಲ್ಲ, ಆದ್ರೂ ಮಣ್ಣಿನ ಮೇಲೆ ಅವ್ರಿಗಿರೋ ಆ ಕಾಳಜಿ ನಂಗೆ ತುಂಬಾ ಇಷ್ಟ. ಮುಂದಿನ ಸಲ ಜಾಸ್ತಿ ತಣ್ಣಗೆ ಕುಡೀಬೇಡಿ, ಬಾಟ್ಲಿ ಓಪನ್ ಮಾಡಿ ಸ್ವಲ್ಪ ಹೊತ್ತು ಗಾಳಿಗೆ ಬಿಡಿ.