ಕಾನೂನು ಕೇಳಿ: ಪುಕ್ಕಟೆ ಕೇಸು, ವಕೀಲರ ಹೊಟ್ಟೆಪಾಡು

ಪ್ರಶ್ನೆ: ಎಲ್‌ಎಲ್‌.ಬಿ. ಕೊನೆಯ ವರ್ಷದಲ್ಲಿದ್ದೇನೆ. ಬಡವರ ಪರ ಕ್ರಿಮಿನಲ್ ಕೇಸು ನಡೆಸುವಾಸೆ. ‘ಪುಕ್ಕಟೆ ವಾದ ಮಾಡಿದರೆ ಹೊಟ್ಟೆಗೇನು?’ ಅಂತಾರೆ ಮನೆಯಲ್ಲಿ. ಎಲ್ಲಿಂದ ಶುರು ಮಾಡಲಿ? ಮೊದಲು ಏನು ಕಲಿಯಲಿ?
– ಓದುಗಿ, ಕೊಪ್ಪಳ

ಉತ್ತರ: ಪುಕ್ಕಟೆ ಕಕ್ಷಿದಾರರಿಗೆ ಮಾತ್ರ. ವಕೀಲರಿಗೆ ಕಾನೂನು ಸೇವಾ ಪ್ರಾಧಿಕಾರ ಹಣ ಕೊಡುತ್ತದೆ. ಪ್ಯಾನಲ್ ವಕೀಲರಾಗಲು, ಅಂದರೆ ಪ್ರಾಧಿಕಾರದ ಪಟ್ಟಿಗೆ ಸೇರಲು, ಮೂರು ವರ್ಷದ ವಕೀಲಿಕೆ ಬೇಕು. ಅಲ್ಲಿ ಕೇಸಿನ ಲೆಕ್ಕದಲ್ಲಿ ಫೀಸು, ಜೊತೆಗೆ ಸ್ವಂತ ಪ್ರಾಕ್ಟೀಸಿಗೂ ಅಡ್ಡಿಯಿಲ್ಲ. ಆದರೆ ಆ ಫೀಸೊಂದನ್ನೇ ನಂಬಿ ಮನೆ ಬಾಡಿಗೆ ಕಟ್ಟುವ ಲೆಕ್ಕ ಹಾಕಬೇಡಿ. ನಿಮಗೆ ಹೊಂದುವುದು ಜಿಲ್ಲಾ ಕೇಂದ್ರದಲ್ಲಿ ಬಡ ಆರೋಪಿಗಳ ಪರ ಕ್ರಿಮಿನಲ್ ಕೇಸು ನಡೆಸುವ ಕಾನೂನು ನೆರವು ಅಭಿರಕ್ಷಕರ (ಡಿಫೆನ್ಸ್ ಕೌನ್ಸೆಲ್) ಕಚೇರಿ. ಅಲ್ಲಿ ಸಹಾಯಕ ವಕೀಲರ ಹುದ್ದೆಗೆ ಹೊಸಬರೂ ಅರ್ಜಿ ಹಾಕಬಹುದು. ಉಪ ಮುಖ್ಯಸ್ಥರಿಗೆ 7, ಮುಖ್ಯಸ್ಥರಿಗೆ 10 ವರ್ಷದ ಅನುಭವ ಬೇಕು. ತಿಂಗಳ ಗೌರವಧನವಿದೆ, ಖಾಸಗಿ ಕೇಸು ಹಿಡಿಯುವಂತಿಲ್ಲ. ಕೆಲಸ ಗುತ್ತಿಗೆಯದು, ಪಿಂಚಣಿ ಇಲ್ಲ. ಮನೆಯವರಿಗೆ ಇದನ್ನೂ ಹೇಳಿಬಿಡಿ.

ವಕೀಲಿಕೆಯ ಪರವಾನಗಿಯಾದ ಸನ್ನದಿಗೆ ನೋಂದಣಿ ಶುಲ್ಕ 750 ರೂಪಾಯಿ, ಪರಿಶಿಷ್ಟರಿಗೆ 125. ಇದಕ್ಕಿಂತ ಹೆಚ್ಚು ಕೇಳುವಂತಿಲ್ಲವೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕಲಿಯಬೇಕಾದ್ದು? ಮೊದಲು ದಿನ ಎಣಿಸುವುದು. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 187(3)ನೇ ಕಲಂ ಪ್ರಕಾರ 60 ದಿನದೊಳಗೆ, ಗಲ್ಲು, ಜೀವಾವಧಿ ಅಥವಾ 10 ವರ್ಷ ಹಾಗೂ ಮೇಲ್ಪಟ್ಟ ಶಿಕ್ಷೆಯ ಅಪರಾಧವಾದರೆ 90 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಆರೋಪಿಯ ಹಕ್ಕು. ಎಣಿಕೆ ಬಂಧನದ ದಿನದಿಂದಲ್ಲ, ಮ್ಯಾಜಿಸ್ಟ್ರೇಟರು ಮೊದಲ ರಿಮಾಂಡ್ (ಕಸ್ಟಡಿಗೆ ಒಪ್ಪಿಸುವ ಆದೇಶ) ಕೊಟ್ಟ ದಿನದಿಂದ, ಆ ದಿನವೂ ಸೇರಿ. ಮಾರ್ಚ್ 1ಕ್ಕೆ ರಿಮಾಂಡ್ ಆಗಿದ್ದರೆ ಏಪ್ರಿಲ್ 29ಕ್ಕೆ 60 ತುಂಬಿತು. 30ರ ಬೆಳಿಗ್ಗೆ ಕೋರ್ಟು ಕೂರುವ ಹೊತ್ತಿಗೆ ಅರ್ಜಿ ಮೇಜಿನ ಮೇಲಿರಬೇಕು. ಒಂದು ದಿನ ಮೊದಲೇ ಹಾಕಿದರೆ ವಜಾ. ‘ನಾಳೆ ನೋಡೋಣ’ ಅಂದಿರೋ, ಸಂಜೆಯೊಳಗೆ ಚಾರ್ಜ್‌ಶೀಟ್ ಬಂದು ಬಿದ್ದಿರುತ್ತದೆ, ಹಕ್ಕು ಕೈಬಿಡುತ್ತದೆ. ಅರ್ಜಿ ಸಲ್ಲಿಸಿದ ಗಂಟೆಯನ್ನೂ ಬರೆಸಿಕೊಳ್ಳಿ.

ಆದೇಶ ಆದ ಮಾತ್ರಕ್ಕೆ ಕಡತ ಕಟ್ಟಿಡಬೇಡಿ. ಜಾಮೀನು ಸಿಕ್ಕಿಯೂ ಶೂರಿಟಿ (ಹೊಣೆ) ಕೊಡುವವರಿಲ್ಲದೆ ಒಳಗೇ ಉಳಿಯುವವರು ಬಹಳ. ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದೆಂದು ಸುಪ್ರೀಂ ಕೋರ್ಟಿನ 2023ರ ನಿರ್ದೇಶನವಿದೆ. ಅಲ್ಲಿಯತನಕ ಕಾಯದೆ ನೀವೇ ಅರ್ಜಿ ಹಾಕಿ.

ಪ್ರಶ್ನೆ: ತಮ್ಮ ಜೈಲಿನಲ್ಲಿದ್ದಾನೆ. ಉಚಿತ ವಕೀಲರಿಗೆ ಆದಾಯ ಪ್ರಮಾಣಪತ್ರ ಬೇಕೇ?
– ಓದುಗ, ಹಾಸನ

ಉತ್ತರ: ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಮಿತಿಯೇ ಇಲ್ಲ. ಜೈಲು ಅಧಿಕಾರಿಗಳ ಮೂಲಕ ತಮ್ಮನೇ ಅರ್ಜಿ ಕೊಡಲಿ, ಅಥವಾ ನೀವು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ನೇಮಕವಾದ ವಕೀಲರು ‘ಖರ್ಚಿಗೆ’ ಅಂತ ಕೈಚಾಚಿದರೆ ಕೊಡಬೇಡಿ. ಪ್ರಾಧಿಕಾರದ ಕಾರ್ಯದರ್ಶಿಗೆ ಲಿಖಿತ ದೂರು ಕೊಡಿ.